ಮೂಡಿಗೆರೆ ಕಡೆಯ ನಮ್ಮ ಧರ್ಮಾಸ್ಪತ್ರೆ ಹಣವಿಲ್ಲದೆ ಮುಚ್ಚುವ ಸ್ಥಿತಿಗೆ ಬಂದಿದೆ. ದೇಣಿಗೆ ಎತ್ತುವುದು ಹೇಗೆ?

ದಯವಿಟ್ಟು ‘ಆಸ್ಪತ್ರೆ ಉಳಿಸಿ’ ಎಂದಷ್ಟೇ ಕೇಳುತ್ತಾ ಹೊರಡಬೇಡಿ. ಜನ ಮರುಗುತ್ತಾರೆ, ಒಂದು ಸಲ ಕೊಡುತ್ತಾರೆ, ಮುಂದಿನ ತಿಂಗಳು ಮತ್ತದೇ ಕೊರತೆ. ತಿಂಗಳಿಗೆ ಎಷ್ಟು ಕಡಿಮೆ ಬೀಳುತ್ತಿದೆ, ಯಾವ ಬಾಬ್ತಿಗೆ ಬೀಳುತ್ತಿದೆ ಎಂಬುದನ್ನು ಮೊದಲು ಲೆಕ್ಕ ಹಾಕಿ ಬರೆದಿಡಿ. ಚಿಕ್ಕಮಗಳೂರು ಜಿಲ್ಲೆಯ ಇಂಥದ್ದೇ ಸಣ್ಣ ಆಸ್ಪತ್ರೆಯ ಸಮಿತಿಯಲ್ಲಿದ್ದು ಕಂಡದ್ದನ್ನು ಹೇಳುತ್ತಿದ್ದೇನೆ.

ನಮ್ಮ ವಾರ್ಡಿನಲ್ಲಿ ಫ್ಯಾನಿನ ರೆಕ್ಕೆಗಳ ಮೇಲೂ ದಾನಿಗಳ ಹೆಸರಿದೆ. ಬೆಂಚು, ಗಡಿಯಾರ, ನೀರಿನ ಫಿಲ್ಟರ್ ಯಾವುದನ್ನೂ ಬಿಟ್ಟಿಲ್ಲ. ಆದರೆ ರಾತ್ರಿ ಪಾಳಿಯ ನರ್ಸ್ ಸಂಬಳಕ್ಕೆ, ಮಳೆಗಾಲದಲ್ಲಿ ಕರೆಂಟು ಹೋದಾಗ ಜನರೇಟರ್‌ಗೆ ಹಾಕಿಸುವ ಡೀಸೆಲ್‌ಗೆ ಯಾರೂ ಮುಂದೆ ಬರುತ್ತಿರಲಿಲ್ಲ, ಅವುಗಳ ಮೇಲೆ ಹೆಸರು ಬರೆಸಲಾಗದು. ಅದಕ್ಕೇ ನಾವು ‘ಒಂದು ದಿನದ ಖರ್ಚು’ ಎಂದು ಕೇಳತೊಡಗಿದೆವು. ತಂದೆಯ ತಿಥಿಗೋ ಮಗಳ ಹುಟ್ಟುಹಬ್ಬಕ್ಕೋ ಹೊರನಾಡು ಅನ್ನಪೂರ್ಣೇಶ್ವರಿ ದೇವಸ್ಥಾನದಲ್ಲಿ ಅನ್ನದಾನಕ್ಕೆ ಕೊಡುವ ಹಾಗೆ, ಆಸ್ಪತ್ರೆಯ ಒಂದು ದಿನವನ್ನು ವಹಿಸಿಕೊಳ್ಳುವುದು. ಆ ದಿನ ಚೀಟಿ ಕೊಡುವ ಕಿಟಕಿಯ ಪಕ್ಕದ ಹಲಗೆಯಲ್ಲಿ ಅವರ ಹೆಸರು, ಅದರ ಕೆಳಗೆ ಎಷ್ಟು ರೋಗಿಗಳು ಬಂದರು, ಎಷ್ಟು ಖರ್ಚಾಯಿತು ಎಂಬ ಲೆಕ್ಕ. ಹಿರಿಯ ಕಾಫಿ ಬೆಳೆಗಾರರೊಬ್ಬರು ಕನ್ನಡಕ ಏರಿಸಿಕೊಂಡು, ಸಾಲು ಸಾಲಿನ ಮೇಲೆ ಬೆರಳಿಟ್ಟು ಓದಿ, ಅಲ್ಲೇ ಇನ್ನೊಂದು ದಿನವನ್ನೂ ಬರೆಸಿ ಹೋದರು. ಲೆಕ್ಕ ಕಣ್ಣಿಗೆ ಕಂಡರೆ ಕೈ ತಾನಾಗಿ ಮುಂದೆ ಬರುತ್ತದೆ.

ಯಾವಾಗ ಕೇಳುತ್ತೀರಿ ಎಂಬುದೂ ಮುಖ್ಯ. ಅರೇಬಿಕಾ ಕಾಫಿಯ ಕೊಯ್ಲು ಮುಗಿದು ರೊಬಸ್ಟಾ ಕಾಫಿಯದೂ ಮುಗಿಯುವ ತನಕ ಬೆಳೆಗಾರರ ಕೈಯಿಂದ ಕೂಲಿಗೆ ಹಣ ಹೋಗುತ್ತಲೇ ಇರುತ್ತದೆ. ಕಾಫಿ ಮಾರಿದ ಮೇಲೆ, ಅಂದರೆ ಮಾರ್ಚ್, ಏಪ್ರಿಲ್ ಹೊತ್ತಿಗೆ ಹೋಗಿ. ಮಳೆ ಹಿಡಿಯುವ ಹೊತ್ತಿಗೆ ಗಿಡಗಳಿಗೆ ಬೋರ್ಡೋ ಔಷಧಿ ಸಿಂಪಡಣೆ, ಗೊಬ್ಬರ ಎಂದು ಮತ್ತೆ ಕೈ ಬಿಗಿಯಾಗುತ್ತದೆ. ಕೊಯ್ಲಿಗೆಂದು ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದು ತೋಟದ ಕೂಲಿಕಾರರ ಲೈನ್ ಮನೆಗಳಲ್ಲಿ ಇರುವವರ ಜ್ವರಕ್ಕೆ, ಹೆರಿಗೆಗೆ ಹತ್ತಿರದ ಬಾಗಿಲು ನಿಮ್ಮ ಆಸ್ಪತ್ರೆಯೇ ಅಲ್ಲವೇ? ಹಾಗಿದ್ದರೆ ತೋಟದವರ ಬಳಿ ಉಪಕಾರವೆಂದು ಕೇಳಬೇಡಿ, ತೋಟದ ಖರ್ಚಿನ ಒಂದು ಪಾಲೆಂದೇ ಕೇಳಿ. ಸಂಕೋಚ ಬೇಡ.

ದೇಣಿಗೆ ಕೊಟ್ಟವರಿಗೆ ಸಿಗುವ, 80ಜಿ ಎಂದೇ ಕರೆಯುವ ತೆರಿಗೆ ವಿನಾಯಿತಿಯ ಆಸೆ ಎಲ್ಲರಿಗೂ ತೋರಿಸಿ ಪ್ರಯೋಜನವಿಲ್ಲ. ಬೆಳೆದ ಕಾಫಿಯನ್ನು ಹಾಗೆಯೇ ಮಾರುವ ಬೆಳೆಗಾರರ ಆದಾಯ ಕೃಷಿ ಆದಾಯ, ಅದಕ್ಕೆ ಕೇಂದ್ರದ ಆದಾಯ ತೆರಿಗೆಯೇ ಇಲ್ಲ. ಅದು ವ್ಯಾಪಾರಿಗಳಿಗೆ, ಬೆಂಗಳೂರಿನಲ್ಲಿ ಸಂಬಳಕ್ಕಿರುವ ಊರ ಮಕ್ಕಳಿಗೆ ಹೇಳುವ ಮಾತು, ಅದೂ ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ. 2,000 ರೂಪಾಯಿಗಿಂತ ಹೆಚ್ಚನ್ನು ನಗದಾಗಿ ಕೊಟ್ಟರೆ ವಿನಾಯಿತಿ ಸಿಗದು, ಚೆಕ್ ಅಥವಾ ಯುಪಿಐ ಮೂಲಕವೇ ತೆಗೆದುಕೊಳ್ಳಿ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಗೆ ಆಸ್ಪತ್ರೆ ನೋಂದಣಿಯಾಗಿಲ್ಲದಿದ್ದರೆ ಅದನ್ನೂ ವಿಚಾರಿಸಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಖರ್ಚನ್ನು ಅದರಲ್ಲಿ ಸರ್ಕಾರ ಭರಿಸುತ್ತದೆ. ಬರಬೇಕಾದ ಹಣವನ್ನು ಬಿಟ್ಟು ದೇಣಿಗೆಗೆ ಕೈಯೊಡ್ಡುವುದು ಸರಿಯಲ್ಲ.

ಕೊನೆಗೊಂದು ಎಚ್ಚರಿಕೆ. ವಿದೇಶದಲ್ಲಿರುವ ಊರಿನವರು ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡಿದ್ದರೆ ತಮ್ಮ ಗಳಿಕೆಯಿಂದ ಬ್ಯಾಂಕ್ ಮೂಲಕ ಕೊಡಬಹುದು. ಅಲ್ಲಿನ ಪೌರತ್ವ ಪಡೆದಿದ್ದರೆ ಅವರ ಹಣ ವಿದೇಶಿ ದೇಣಿಗೆಯಾಗುತ್ತದೆ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಅನುಮತಿ ಇಲ್ಲದೆ ಅದನ್ನು ಮುಟ್ಟಬೇಡಿ, ಎಷ್ಟೇ ಹತ್ತಿರದವರಾದರೂ.