ಹಾವರ್ಥಿಯಾ ಗಿಡಕ್ಕೆ ದಿನ ಎಣಿಸಿ ನೀರು ಹಾಕಬೇಡಿ

ಕುಂಡದ ತಳದಲ್ಲಿ ತೂತಿರಬೇಕು, ಕತ್ತಲೆ ಮೂಲೆಯಲ್ಲಿ ಗಿಡ ಬೆಳೆಯದು ಎಂಬಂಥ ಮಾತುಗಳನ್ನು ಇಲ್ಲಿ ಮತ್ತೆ ಹೇಳುವುದಿಲ್ಲ. ದಪ್ಪ ಎಲೆಗಳಲ್ಲಿ ನೀರು ಕೂಡಿಟ್ಟುಕೊಳ್ಳುವ ಪುಟ್ಟ ಗಿಡವಾದ ಹಾವರ್ಥಿಯಾದ ಬಗ್ಗೆ ಒಂದೇ ಪ್ರಶ್ನೆ ಹಲವರಿಂದ ಬರುತ್ತಲೇ ಇರುವುದರಿಂದ ಈ ಸಲ ಹೆಚ್ಚಿನ ಜಾಗವನ್ನು ಅದಕ್ಕೇ ಕೊಟ್ಟಿದ್ದೇನೆ.

ಪ್ರಶ್ನೆ: ಬಿಳಿ ಪಟ್ಟೆಯ ಹಾವರ್ಥಿಯಾಕ್ಕೆ ವಾರಕ್ಕೊಮ್ಮೆ ತಪ್ಪದೆ ನೀರು ಹಾಕುತ್ತಿದ್ದೆ. ಎಲೆಗಳು ಸುಕ್ಕುಗಟ್ಟಿದ್ದನ್ನು ನೋಡಿ ವಾರಕ್ಕೆ ಎರಡು ಸಲ ಹಾಕತೊಡಗಿದೆ. ಈಗ ಬುಡದ ಎಲೆಗಳು ಕಂದಾಗಿ ಮೆತ್ತಗಾಗಿವೆ. ನಿಜಕ್ಕೂ ಎಷ್ಟು ದಿನಕ್ಕೊಮ್ಮೆ ನೀರು ಹಾಕಬೇಕು?

ಉತ್ತರ: ಇದಕ್ಕೆ ಉತ್ತರವಾಗಿ ಕೊಡಬಹುದಾದ ಸಂಖ್ಯೆಯೇ ಇಲ್ಲ, ಸಂಖ್ಯೆ ಹೇಳುವವರನ್ನು, ಅವರು ಗಿಡ ಮಾರುವವರೇ ಆಗಿದ್ದರೂ, ನಂಬಬೇಡಿ. ಒಂದೇ ಮನೆಯಲ್ಲಿ, ಒಂದೇ ಕಿಟಕಿಯ ಬಳಿ ಇಟ್ಟ ಎರಡು ಗಿಡಗಳಲ್ಲಿ ಸುಟ್ಟ ಮಣ್ಣಿನ ಕುಂಡದಲ್ಲಿರುವುದು ಬೇಗ ಒಣಗುತ್ತದೆ, ಮೆರುಗೆಣ್ಣೆ ಬಳಿದ ಪಿಂಗಾಣಿ ಕುಂಡದಲ್ಲಿರುವುದು ಬಹಳ ಕಾಲ ಒದ್ದೆಯಾಗಿಯೇ ಇರುತ್ತದೆ. ಕುಂಡದ ಗಾತ್ರ, ಮಣ್ಣಿನ ಕಣಗಳ ದಪ್ಪ, ಗಾಳಿಯ ಓಡಾಟ, ಬೆಳಕು ಇವೆಲ್ಲ ಸೇರಿ ನಿರ್ಧರಿಸುವ ಸಂಗತಿಯನ್ನು ವಾರದ ಲೆಕ್ಕಕ್ಕೆ ಇಳಿಸಲಾಗದು.

ನಿಮ್ಮ ಗಿಡವನ್ನು ಕೆಡಿಸಿದ್ದು ಮೊದಲ ತಿಂಗಳುಗಳ ನೀರಿಗಿಂತ ಹೆಚ್ಚಾಗಿ, ಸುಕ್ಕನ್ನು ಕಂಡ ಮೇಲೆ ನೀವು ಕೈಗೊಂಡ ನಿರ್ಧಾರ. ಎಲೆ ಸುಕ್ಕುಗಟ್ಟಲು ಎರಡು ಕಾರಣಗಳಿವೆ: ಮಣ್ಣಿನಲ್ಲಿ ನೀರಿಲ್ಲದಿರುವುದು, ಅಥವಾ ನೀರಿದ್ದರೂ ಹೀರಲು ಬೇರಿಲ್ಲದಿರುವುದು. ಮೊದಲನೆಯದರಲ್ಲಿ ಎಲೆಗಳು ಒಳಮುಖವಾಗಿ ಮುದುಡಿಕೊಳ್ಳುತ್ತವೆ, ಆದರೆ ಗಿಡ ಕುಂಡದಲ್ಲಿ ಬಿಗಿಯಾಗಿ ನಿಂತಿರುತ್ತದೆ. ಎರಡನೆಯದರಲ್ಲಿ ಗಿಡವನ್ನು ಮೆಲ್ಲಗೆ ಅಲುಗಾಡಿಸಿದರೆ ಸಾಕು, ಸಡಿಲವಾಗಿರುವುದು ತಿಳಿಯುತ್ತದೆ. ಸದಾ ಒದ್ದೆಯಾಗಿರುವ ಮಣ್ಣಿನಲ್ಲಿ ಗಾಳಿಯ ರಂಧ್ರಗಳೆಲ್ಲ ನೀರಿನಿಂದ ತುಂಬಿಕೊಂಡು, ಆಮ್ಲಜನಕ ಸಿಗದ ಬೇರು ಸಾಯುತ್ತದೆ. ಶಿಲೀಂಧ್ರಗಳು ಅದರ ಬೆನ್ನಿಗೇ ಬರುತ್ತವೆ. ಎಲೆಯಲ್ಲಿ ನೀರು ಕೂಡಿಟ್ಟುಕೊಂಡಿರುವ ಗಿಡ ಬೇರು ಸತ್ತ ಮೇಲೂ ಬಹುಕಾಲ ಹಸಿರಾಗಿ ಕಾಣುವುದರಿಂದ ಮಾಲೀಕರಿಗೆ ಸುದ್ದಿ ತಡವಾಗಿ ಮುಟ್ಟುತ್ತದೆ. ಅಷ್ಟರಲ್ಲಿ ಅವರು ಸುಕ್ಕನ್ನು ಬಾಯಾರಿಕೆಯೆಂದು ತಿಳಿದು ಮತ್ತಷ್ಟು ಸುರಿದಿರುತ್ತಾರೆ.

ಈಗ ಮಾಡಬೇಕಾದದ್ದು ಇಷ್ಟು. ಗಿಡವನ್ನು ಹೊರತೆಗೆದು ಮಣ್ಣನ್ನೆಲ್ಲ ಉದುರಿಸಿ. ಬೆರಳಲ್ಲಿ ಹಿಡಿದೆಳೆದಾಗ ಸಿಪ್ಪೆ ಜಾರಿ ಒಳಗಿನ ದಾರ ಮಾತ್ರ ಉಳಿಯುವ ಬೇರು ಸತ್ತಿದೆ, ಅದನ್ನು ತೆಗೆಯಿರಿ. ಹಾವರ್ಥಿಯಾ ಹಳೆಯ ಬೇರುಗಳನ್ನು ಬಿಟ್ಟು ಹೊಸದನ್ನು ಬೆಳೆಸಿಕೊಳ್ಳುವ ಗಿಡವಾದ್ದರಿಂದ ನಾಲ್ಕಾರು ಒಣ ಬೇರು ಕಂಡರೆ ಗಾಬರಿ ಬೇಡ. ಮೆತ್ತಗಾದ ಎಲೆಗಳನ್ನು ಬುಡಸಮೇತ ಕಿತ್ತು, ಕಾಂಡದ ಕಂದು ಭಾಗವನ್ನು ಬಿಳಿಯ ಗಟ್ಟಿ ಅಂಗಾಂಶ ಕಾಣುವವರೆಗೆ ಶುಚಿಯಾದ ಅಲಗಿನಿಂದ ಕತ್ತರಿಸಿ, ನೆರಳಿನಲ್ಲಿ ಗಾಳಿಯಾಡುವ ಕಡೆ ಗಾಯ ಪೂರ್ತಿ ಒಣಗುವವರೆಗೆ ಹಲವು ದಿನ ಹಾಗೆಯೇ ಬಿಡಿ. ಗಾಯಕ್ಕೆ ದಾಲ್ಚಿನ್ನಿ ಪುಡಿ, ಜೇನು, ಹಲ್ಲುಜ್ಜುವ ಪೇಸ್ಟು ಮೆತ್ತಿರೆಂದು ಹೇಳುವ ಪಂಡಿತರಿಗೆ ಕಿವಿಗೊಡಬೇಡಿ. ಒಣಗುವುದೇ ಅದರ ಔಷಧ. ಆಮೇಲೆ ಒಣ ಮಿಶ್ರಣದ ಮೇಲೆ ಕೂರಿಸಿ, ಹೊಸ ಬೇರು ಮೂಡುವವರೆಗೆ ಅಂಚಿನಲ್ಲಿ ಮಾತ್ರ ಸ್ವಲ್ಪ ತೇವ ಕೊಡಿ. ವಾರಗಳೇ ಹಿಡಿಯಬಹುದು. ಬೇರು ಬಂತೇ ಎಂದು ದಿನವೂ ಎತ್ತಿ ನೋಡುವವರ ಗಿಡಕ್ಕೆ ಬೇರು ಬರುವುದಿಲ್ಲ.

ಮಿಶ್ರಣದಲ್ಲಿ ಮೂರನೇ ಎರಡು ಭಾಗ ಪ್ಯೂಮಿಸ್ (ರಂಧ್ರಗಳಿರುವ ಹಗುರ ಜ್ವಾಲಾಮುಖಿ ಕಲ್ಲು), ಪರ್ಲೈಟ್ (ಕಾಯಿಸಿ ಉಬ್ಬಿಸಿದ ಹಗುರ ಬಿಳಿ ಕಣಗಳು) ಅಥವಾ 2 ರಿಂದ 5 ಮಿ.ಮೀ. ಗಾತ್ರದ ಸಣ್ಣ ಜಲ್ಲಿ ಇರಲಿ. ತೀರಾ ಸಣ್ಣ ಕಣದ ಮರಳು ಬೇಡ, ಅದು ಇರುವ ರಂಧ್ರಗಳನ್ನೂ ಮುಚ್ಚುತ್ತದೆ. ಕುಂಡದ ತಳದಲ್ಲಿ ಕಲ್ಲುಗಳ ಪದರ ಹಾಕಿದರೆ ನೀರು ಚೆನ್ನಾಗಿ ಇಳಿಯುತ್ತದೆಂಬುದು ಹಳೆಯ ತಪ್ಪು ನಂಬಿಕೆ: ಮೇಲಿನ ಮಣ್ಣು ಪೂರ್ತಿ ತೊಯ್ಯುವವರೆಗೆ ನೀರು ಕಲ್ಲಿನ ಪದರಕ್ಕೆ ಇಳಿಯುವುದೇ ಇಲ್ಲ, ಹೀಗಾಗಿ ಒದ್ದೆ ಭಾಗ ಬೇರಿಗೆ ಇನ್ನೂ ಹತ್ತಿರವಾಗುತ್ತದೆ.

ಇನ್ನು ಮುಂದೆ ನೀರು ಹಾಕಿದ ಕೂಡಲೇ ಒಮ್ಮೆ ಕುಂಡವನ್ನು ಎತ್ತಿ ತೂಕವನ್ನು ಕೈಗೆ ರೂಢಿ ಮಾಡಿಕೊಳ್ಳಿ. ಅದು ಹಗುರಾಗಿ, ತಳದವರೆಗೆ ಚುಚ್ಚಿದ ಕಡ್ಡಿ ಒಣಗಿಯೇ ಹೊರಬಂದ ಮೇಲೆ, ತೂತಿನಿಂದ ಹರಿಯುವಷ್ಟು ನೀರು ಕೊಡಿ. ಚಮಚದ ಲೆಕ್ಕದಲ್ಲಿ ದಿನವೂ ಹನಿಸುವುದು ದಯೆಯಲ್ಲ. ಕಡು ಸೆಕೆಯಲ್ಲಿ ಈ ಗಿಡ ಬೆಳವಣಿಗೆಯನ್ನು ನಿಧಾನಿಸುವುದರಿಂದ, ಬಿಸಿಲು ಹೆಚ್ಚಿದಷ್ಟೂ ನೀರು ಹೆಚ್ಚಬೇಕೆಂಬ ವಾದ ಇದಕ್ಕೆ ಒಪ್ಪುವುದಿಲ್ಲ. ಸಂದೇಹವಿದ್ದರೆ ನಾನು ಕೆಲವು ದಿನ ಕಾಯುತ್ತೇನೆ. ಬಾಯಾರಿದ ಹಾವರ್ಥಿಯಾ ಚೇತರಿಸಿಕೊಳ್ಳುತ್ತದೆ.

ಪ್ರಶ್ನೆ: ಈ ಗಿಡ ರಾತ್ರಿ ಆಮ್ಲಜನಕ ಬಿಟ್ಟು ಮಲಗುವ ಕೋಣೆಯ ಗಾಳಿಯನ್ನು ಶುದ್ಧಗೊಳಿಸುತ್ತದೆಯೇ?

ಉತ್ತರ: ಇಲ್ಲ. ಇದು ಪತ್ರರಂಧ್ರಗಳನ್ನು ಹೆಚ್ಚಾಗಿ ರಾತ್ರಿ ತೆರೆದು ಇಂಗಾಲದ ಡೈಆಕ್ಸೈಡನ್ನು ಆಮ್ಲದ ರೂಪದಲ್ಲಿ ಕೂಡಿಡುತ್ತದೆ, ಆದರೆ ಆಮ್ಲಜನಕ ಹುಟ್ಟಲು ಬೆಳಕೇ ಬೇಕು. ಗಿಡಗಳು ಗಾಳಿಯನ್ನು ಶುದ್ಧಗೊಳಿಸುತ್ತವೆ ಎನ್ನಲು ಎಲ್ಲರೂ ಉಲ್ಲೇಖಿಸುವ ನಾಸಾದ 1989ರ ಪ್ರಯೋಗ ಮುಚ್ಚಿದ ಪೆಟ್ಟಿಗೆಗಳಲ್ಲಿ ನಡೆದದ್ದು. ನಿಮ್ಮ ಕೋಣೆಗೆ ಕಿಟಕಿಯಿದೆ, ಅದನ್ನು ತೆರೆಯಿರಿ.

ಪ್ರಶ್ನೆ: ಎಲೆಗಳಿಗೆ ದಿನವೂ ನೀರು ಸಿಂಪಡಿಸಬೇಕೇ?

ಉತ್ತರ: ಬೇಡ.

ಪ್ರಶ್ನೆ: ಚೀಟಿಯಲ್ಲಿ ಹಾವರ್ಥಿಯಾಪ್ಸಿಸ್ ಎಂದಿದೆ. ಅಂಗಡಿಯವರು ಮೋಸ ಮಾಡಿದರೇ?

ಉತ್ತರ: ಇಲ್ಲ. ಪಟ್ಟೆಯ ಗಿಡಗಳೂ ಸೇರಿದಂತೆ ಗಟ್ಟಿ ಎಲೆಯ ಹಲವು ಪ್ರಭೇದಗಳನ್ನು 2013ರಲ್ಲಿ ಆ ಹೊಸ ಕುಲಕ್ಕೆ ಸೇರಿಸಲಾಯಿತು. ಆರೈಕೆಯಲ್ಲಿ ವ್ಯತ್ಯಾಸವಿಲ್ಲ.

ಪ್ರಶ್ನೆ: ಎಲೆಗಳು ಕೆಂಪಗಾಗಿವೆ. ರೋಗವೇ?

ಉತ್ತರ: ಬಿಸಿಲು ಹೆಚ್ಚಾಗಿದೆ. ದಕ್ಷಿಣ ಆಫ್ರಿಕಾದ ತನ್ನ ನೆಲೆಯಲ್ಲಿ ಇದು ಸಾಮಾನ್ಯವಾಗಿ ಪೊದೆ, ಬಂಡೆಗಳ ನೆರಳಿನಲ್ಲಿ ಬೆಳೆಯುತ್ತದೆ. ಸ್ವಲ್ಪ ಒಳಗೆ ಸರಿಸಿ.

ಪ್ರಶ್ನೆ: ಎಲೆಗಳ ಸಂದಿಯಲ್ಲಿ ಬಿಳಿ ಹತ್ತಿಯಂಥದ್ದು ಕಾಣುತ್ತಿದೆ.

ಉತ್ತರ: ಅದು ಹಿಟ್ಟುತಿಗಣೆ, ಗಿಡದ ರಸ ಹೀರುವ ಪುಟ್ಟ ಕೀಟ. ಮದ್ಯಸಾರದಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒಂದೊಂದನ್ನೇ ಮುಟ್ಟಿ ತೆಗೆಯಿರಿ, ವಾರ ಬಿಟ್ಟು ಮತ್ತೆ ನೋಡಿ, ಅಲ್ಲಿಯವರೆಗೆ ಗಿಡವನ್ನು ಉಳಿದವುಗಳಿಂದ ದೂರವಿಡಿ. ಮರಳಿ ಮರಳಿ ಬರುತ್ತಿದ್ದರೆ ಬೇರಿನಲ್ಲೂ ಇರಬಹುದು, ಕುಂಡದಿಂದ ತೆಗೆದು ಬೇರನ್ನು ತೊಳೆಯಿರಿ. ಮನೆಯೊಳಗೆ ಮಕ್ಕಳು ಓಡಾಡುವ ಕಡೆ ಕೀಟನಾಶಕ ಸಿಂಪಡಿಸಲು ನಾನು ಯಾರಿಗೂ ಹೇಳುವುದಿಲ್ಲ. ಅಷ್ಟರ ಮಟ್ಟಿಗೆ ಹಬ್ಬಿದ್ದರೆ ಒಂದು ಆರೋಗ್ಯಕರ ಮರಿಯನ್ನು ಬೇರ್ಪಡಿಸಿ ತೊಳೆದು ಉಳಿಸಿಕೊಂಡು, ತಾಯಿಗಿಡವನ್ನು ಮಣ್ಣುಸಮೇತ ಎಸೆಯಿರಿ.