ಮೂರು ಬಾಟಲಿ, ಎರಡು ಮೀನು

ಪ್ರಶ್ನೆ: ಎರಡು ತಿಂಗಳ ಹಿಂದೆ ಮನೆಯಲ್ಲಿ 120 ಲೀಟರಿನ ಉಪ್ಪುನೀರಿನ ಅಕ್ವೇರಿಯಂ ಶುರು ಮಾಡಿದೆ. ಒಂದು ಜೋಡಿ ಕ್ಲೌನ್ ಮೀನು, ಒಂದಷ್ಟು ಕಲ್ಲು, ಮರಳು ಇವೆ. ಹವಳ ಇಲ್ಲ. ಅಂಗಡಿಯಲ್ಲಿ ಕ್ಯಾಲ್ಸಿಯಂ, ಕೆಎಚ್ ಬಫರ್, ಅಯೋಡಿನ್ ಎಂದು ಮೂರು ಬಾಟಲಿ ಕೊಟ್ಟಿದ್ದಾರೆ. ಬೆಳಿಗ್ಗೆ ನೋಡಿದರೆ ಪಿಎಚ್ 7.9 ಇರುತ್ತದೆ. ದಿನಕ್ಕೆ ಎಷ್ಟೆಷ್ಟು ಹಾಕಲಿ?
– ಓದುಗರು, ಹುಬ್ಬಳ್ಳಿ

ಉತ್ತರ: ಸದ್ಯಕ್ಕೆ ಒಂದು ಹನಿಯೂ ಬೇಡ. ಬಾಟಲಿಗಳನ್ನು ಎತ್ತಿಡಿ.

ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 420 ಮಿಲಿಗ್ರಾಂ ಕ್ಯಾಲ್ಸಿಯಂ, 1,300 ಮಿಲಿಗ್ರಾಂ ಮೆಗ್ನೀಷಿಯಂ ಇರುತ್ತದೆ. ಕೆಎಚ್ ಅಂದರೆ ಪಿಎಚ್ ಕುಸಿಯದಂತೆ ಹಿಡಿದಿಡುವ ಕಾರ್ಬೊನೇಟ್‌ಗಳ ಅಳತೆ; ಬಫರ್ ಏರಿಸುವುದು ಇದನ್ನೇ. ಸಮುದ್ರದಲ್ಲಿ ಅದು ಏಳು ಡಿಗ್ರಿಯ ಆಸುಪಾಸು. ನೀವು ಕಲಸುವ ಅಕ್ವೇರಿಯಂ ಉಪ್ಪಿನಲ್ಲೇ ಇವೆಲ್ಲ ಬಂದಿರುತ್ತವೆ. ಕ್ಯಾಲ್ಸಿಯಂ, ಕೆಎಚ್ ಎರಡನ್ನೂ ನೀರಿನಿಂದ ಎಳೆದುಕೊಂಡು ಬೆಳೆಯುವುದು ಗಟ್ಟಿ ಹವಳ, ಚಿಪ್ಪಿನ ಜೀವಿಗಳು, ಕಲ್ಲಿನ ಮೇಲೆ ಹಬ್ಬುವ ನೇರಳೆ ಪಾಚಿ. ನಿಮ್ಮ ಎರಡು ಮೀನು ಎಷ್ಟು ತಾನೇ ಖರ್ಚು ಮಾಡಿಯಾವು? ಖರ್ಚೇ ಆಗದ್ದನ್ನು ದಿನಾ ತುಂಬಿಸಿದರೆ ಅದು ಏರುತ್ತಲೇ ಹೋಗುತ್ತದೆ.

ನನ್ನ ಮೊದಲ ಟ್ಯಾಂಕಿನಲ್ಲಿ ಹವಳ ಇತ್ತು. ಒಂದು ಬೆಳಿಗ್ಗೆ ಆಫೀಸಿಗೆ ಹೊರಡುವ ಅವಸರದಲ್ಲಿ ಕ್ಯಾಲ್ಸಿಯಂ, ಬಫರ್ ಎರಡನ್ನೂ ಒಂದರ ಹಿಂದೆ ಒಂದು ಸುರಿದೆ. ನೋಡನೋಡುತ್ತ ನೀರು ಅಕ್ಕಿ ತೊಳೆದ ನೀರಿನ ಹಾಗಾಯಿತು. ಎರಡೂ ಸೇರಿ ಸುಣ್ಣವಾಗಿ ಉದುರಿದ್ದವು. ಸಂಜೆ ಅಳೆದರೆ ಕೆಎಚ್ ಮೊದಲಿಗಿಂತ ಕಡಿಮೆ! ಹಾಕಿದ್ದು ಸಾಲಲಿಲ್ಲ ಎಂದುಕೊಂಡು ಮತ್ತಷ್ಟು ಬಫರ್ ಹಾಕಿದೆ. ಹೀಟರ್ ಮೇಲೆ ಬಿಳಿ ಪದರ ಕಟ್ಟಿತು, ಪಂಪು ನಿಂತೇ ಹೋಯಿತು. ವಿನೆಗರ್‌ನಲ್ಲಿ ನೆನೆಸಿ ತೊಳೆದ ಮೇಲೆ ಪಂಪು ತಿರುಗಿತು. ಹವಳ ಉಳಿಯಲಿಲ್ಲ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಇನ್ನೊಂದು ಲೆಕ್ಕ ನೋಡಿ. 120 ಲೀಟರ್ ಅಂದರೆ ಖಾಲಿ ಗಾಜಿನ ಅಳತೆ. ಕಲ್ಲು, ಮರಳು ಜಾಗ ಹಿಡಿದ ಮೇಲೆ ನೀರು 95-100 ಲೀಟರ್ ಇದ್ದೀತು. ಬಾಟಲಿ ಮೇಲೆ ಬರೆದಂತೆ 120ಕ್ಕೆ ಹಾಕಿದರೆ ಮೊದಲ ದಿನವೇ ಜಾಸ್ತಿ.

ಪಿಎಚ್ 7.9ಕ್ಕೆ ಗಾಬರಿ ಬೇಡ. ರಾತ್ರಿ ಇಳಿದು ಹಗಲು ಏರುವುದು ಸಹಜ. ಬಾಗಿಲು ಮುಚ್ಚಿದ ಕೋಣೆಯಲ್ಲಿ ನಾವು ಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡ್ ನೀರಿಗೂ ಸೇರಿ ಪಿಎಚ್ ಇಳಿಸುತ್ತದೆ, ಅಲ್ವಾ? ಎರಡು ದಿನ ಕಿಟಕಿ ತೆರೆದಿಟ್ಟು ಅಳೆದು ನೋಡಿ. ಬಫರ್ ಹಾಕಿದರೆ ಪಿಎಚ್ ಸ್ವಲ್ಪ ಹೊತ್ತು ಏರಿ ಮತ್ತೆ ಇಳಿಯುತ್ತದೆ, ಕೆಎಚ್ ಮಾತ್ರ ಮೇಲೆ ಮೇಲೆ ಹೋಗುತ್ತದೆ.

ಅಯೋಡಿನ್ ಬಾಟಲಿಯನ್ನಂತೂ ಮುಟ್ಟಲೇಬೇಡಿ. ಗಾಯದ ಕ್ರಿಮಿ ಕೊಲ್ಲಲು ಹಚ್ಚುವ ವಸ್ತು ಅದು. ನೀರಿನಲ್ಲಿ ಎಷ್ಟಿದೆ ಎಂದು ಮನೆಯಲ್ಲಿ ಸರಿಯಾಗಿ ಅಳೆಯುವುದೂ ಕಷ್ಟ. ಅಳೆಯಲಾಗದ್ದನ್ನು ನಾನು ಟ್ಯಾಂಕಿಗೆ ಹಾಕುವುದಿಲ್ಲ.

ನೀವು ಮಾಡಬೇಕಾದದ್ದು ಇಷ್ಟೇ. ವಾರಕ್ಕೊಮ್ಮೆ 12-15 ಲೀಟರ್ ನೀರು ತೆಗೆದು, ಆರ್‌ಒ ನೀರಿಗೆ ಉಪ್ಪು ಕಲಸಿ ತುಂಬಿಸಿ. 15 ಲೀಟರಿಗೆ ಅರ್ಧ ಕಿಲೋಗಿಂತ ತುಸು ಜಾಸ್ತಿ ಉಪ್ಪು ಬೇಕಾಗುತ್ತದೆ. ಸಾಂದ್ರತೆ (ಸಿಹಿನೀರಿನದು 1 ಎಂದಿಟ್ಟುಕೊಂಡರೆ) 1.025 ಬಂದಿದೆಯೇ ನೋಡಿಕೊಳ್ಳಿ. ಆವಿಯಾದ ನೀರಿಗೆ ಬದಲಾಗಿ ಮಾತ್ರ ಬರೀ ಆರ್‌ಒ ನೀರು ಹಾಕಿ. ಉಪ್ಪು ಆವಿಯಾಗುವುದಿಲ್ಲವಲ್ಲ.

ಮುಂದೆ ಹವಳ ತಂದಾಗ, ಹನಿ ಎಣಿಸುವ ಕಿಟ್‌ನಲ್ಲಿ ದಿನ ಬಿಟ್ಟು ದಿನ ಕೆಎಚ್ ಅಳೆದು ಬರೆದಿಡಿ. ನೀರು ಬದಲಿಸಿದರೂ ಅದು ಇಳಿಯುತ್ತಲೇ ಇದ್ದರೆ ಆಗ ಬಾಟಲಿಯ ಮಾತು. ಈಗ ಸೀಲ್ ಒಡೆಯದಿದ್ದರೆ ಮೂರನ್ನೂ ಅಂಗಡಿಗೆ ವಾಪಸ್ ಕೊಟ್ಟು, ಆ ದುಡ್ಡಿಗೆ ಕೆಎಚ್ ಕಿಟ್ ತನ್ನಿ.