ನನಗೆ ಹತ್ತನೇ ಕಂತು, ಮೊಮ್ಮಗನಿಗೆ ಮೂರನೇದು: ಯಾರ ಲೆಕ್ಕ ಸರಿ?

ಮಳೆ ಹಿಡಿದರೆ ಕೊಡಗಿನಲ್ಲಿ ಸಂಜೆ ಆರಕ್ಕೇ ಬಾಗಿಲು ಹಾಕುತ್ತೇವೆ. ಆಮೇಲೆ ಟಿವಿಯೇ ಗತಿ. ಅದಕ್ಕೇ ಇರಬೇಕು, ಈ ಸಲ ಬಂದ ಪತ್ರಗಳಲ್ಲಿ ಹಳೆಯ ವಿಜ್ಞಾನ ಕಥಾ ಧಾರಾವಾಹಿಗಳ ವಿಷಯವೇ ಜಾಸ್ತಿ. ಮಡಿಕೇರಿಯಲ್ಲಿ ವರ್ಷಾನುಗಟ್ಟಲೆ ವಿಡಿಯೊ ಕ್ಯಾಸೆಟ್ ಲೈಬ್ರರಿ ನಡೆಸಿದವನು ನಾನು. ಇಂಥ ಪ್ರಶ್ನೆಗಳು ಬಂದರೆ ನನಗೆ ಹಬ್ಬ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಮೊಮ್ಮಗ ಜರ್ಮನಿಯಲ್ಲಿ ಓದುತ್ತಿದ್ದಾನೆ. ಇಬ್ಬರೂ ಹಳೆಯ ‘ಸ್ಟಾರ್ ಟ್ರೆಕ್’ ನೋಡುತ್ತಾ, ಫೋನಿನಲ್ಲಿ ಮಾತಾಡಿಕೊಳ್ಳುತ್ತೇವೆ. ‘ದಿ ಕಾರ್ಬೊಮೈಟ್ ಮನೂವರ್’ ನನ್ನ ಪಟ್ಟಿಯಲ್ಲಿ ಹತ್ತನೇ ಕಂತು, ಅವನ ಪಟ್ಟಿಯಲ್ಲಿ ಮೂರನೇದು. ಇನ್ನೊಂದು ಕಂತಿನಲ್ಲಂತೂ ಡಾಕ್ಟರೇ ಬೇರೆ! ಯಾರ ಪಟ್ಟಿ ಸರಿ? — ಸೋಮವಾರಪೇಟೆ

ಎರಡೂ ಸರಿ ಸರ್. ನಿಮ್ಮದು ಪ್ರಸಾರವಾದ ಕ್ರಮ, ಮೊಮ್ಮಗನದು ಚಿತ್ರೀಕರಣದ ಕ್ರಮ.

ಅಮೆರಿಕದ ಎನ್‌ಬಿಸಿ ವಾಹಿನಿ ಈ ಧಾರಾವಾಹಿಯನ್ನು 1966ರ ಸೆಪ್ಟೆಂಬರ್ 8ರಂದು ಶುರು ಮಾಡಿತು. ಮೊದಲು ತೋರಿಸಿದ್ದು ‘ದಿ ಮ್ಯಾನ್ ಟ್ರ್ಯಾಪ್’, ಮನುಷ್ಯರ ಮೈಯಿಂದ ಉಪ್ಪು ಹೀರುವ ಪ್ರಾಣಿಯ ಕಥೆ. ಆದರೆ ಅದಕ್ಕಿಂತ ಮೊದಲೇ ಚಿತ್ರೀಕರಣವಾದ ಕಂತುಗಳು ಇದ್ದವು. ‘ವೇರ್ ನೋ ಮ್ಯಾನ್ ಹ್ಯಾಸ್ ಗಾನ್ ಬಿಫೋರ್’ ವಾಹಿನಿಯವರ ಒಪ್ಪಿಗೆಗೆಂದು ಮಾಡಿದ ಎರಡನೇ ಮಾದರಿ ಕಂತು. ಅದು ಪ್ರಸಾರವಾಗಿದ್ದು ಮೂರನೆಯದಾಗಿ. ಕಾರ್ಬೊಮೈಟ್ ಕಂತು ಅದರ ಬೆನ್ನಿಗೇ ತಯಾರಾಗಿದ್ದು. ಪರದೆಗೆ ಬರುವಾಗ ನವೆಂಬರ್ 10 ಆಗಿತ್ತು.

ನೀವು ಹೇಳಿದ ಬೇರೆ ಡಾಕ್ಟರ್ ಸಿಗುವುದು ಆ ಮಾದರಿ ಕಂತಿನಲ್ಲೇ. ಮುಂದೆ ಡಾಕ್ಟರಾಗುವ ಮೆಕಾಯ್ ಪಾತ್ರ ಇನ್ನೂ ಬಂದಿರಲಿಲ್ಲ, ಸಂಪರ್ಕ ಅಧಿಕಾರಿ ಉಹುರಾ ಕೂಡ ಇಲ್ಲ. ಸುಲು ಇದ್ದಾನೆ, ಆದರೆ ಬಾಹ್ಯಾಕಾಶ ನೌಕೆಯ ಚಾಲಕನಾಗಿ ಅಲ್ಲ. ಅಂಗಿಗಳ ಕತ್ತುಪಟ್ಟಿಯೇ ಬೇರೆ ಥರ. ಇನ್ನೊಂದು ಸಲ ನೋಡುವಾಗ ಕೊನೆಯ ಭಾಗದಲ್ಲಿ ಸ್ವಲ್ಪ ನಿಲ್ಲಿಸಿ ನೋಡಿ. ನೌಕೆಯ ಕ್ಯಾಪ್ಟನ್ ಕಿರ್ಕ್‌ನ ಹಳೇ ಗೆಳೆಯ ಅವನಿಗಾಗಿಯೇ ಸಮಾಧಿ ಸಿದ್ಧ ಮಾಡುತ್ತಾನೆ. ಕಲ್ಲಿನ ಮೇಲೆ ‘ಜೇಮ್ಸ್ ಆರ್. ಕಿರ್ಕ್’ ಎಂದಿದೆ. ಮುಂದೆ ಎಲ್ಲಾ ಕಡೆ ಅವನು ‘ಜೇಮ್ಸ್ ಟಿ. ಕಿರ್ಕ್’. ಹೆಸರಿನ ನಡುವಿನ ಅಕ್ಷರ ಕೂಡ ಗಟ್ಟಿಯಾಗಿರದ ಕಾಲ ಅದು. ಪ್ರಸಾರದ ಕ್ರಮದಲ್ಲಿ ನೋಡಿದರೆ ಇದು ತಪ್ಪಿನ ಹಾಗೆ ಕಾಣುತ್ತದೆ. ಚಿತ್ರೀಕರಣದ ಕ್ರಮದಲ್ಲಿ ನೋಡಿದರೆ ಒಂದು ಕೂಸು ಅಂಬೆಗಾಲಿಡುವುದನ್ನು ನೋಡಿದ ಹಾಗಿರುತ್ತದೆ.

ನನ್ನನ್ನು ಕೇಳಿದರೆ ಮೊದಲ ಸೀಸನ್ನನ್ನು ಚಿತ್ರೀಕರಣದ ಕ್ರಮದಲ್ಲೇ ನೋಡಿ. ಕಿರ್ಕ್, ಅವನ ಪರಗ್ರಹದ ಜೊತೆಗಾರ ಸ್ಪಾಕ್, ಡಾಕ್ಟರ್ ಮೆಕಾಯ್ ಮೂವರ ನಡುವಿನ ಸಲಿಗೆ ಮೆಲ್ಲಗೆ ಬೆಳೆಯುವುದು ಆಗಲೇ ಗೊತ್ತಾಗುವುದು. ಒಂದೇ ಒಂದನ್ನು ಮಾತ್ರ ಪಕ್ಕಕ್ಕಿಡಿ. ವಾಹಿನಿಯವರು ಬೇಡವೆಂದ ಮೊದಲ ಮಾದರಿ ಕಂತು ‘ದಿ ಕೇಜ್’. ಅದರ ದೃಶ್ಯಗಳನ್ನೇ ಬಳಸಿ ‘ದಿ ಮೆನಾಜರಿ’ ಎಂಬ ಎರಡು ಭಾಗದ ಕಥೆ ಮಾಡಿದರು. ‘ದಿ ಕೇಜ್’ ಮೊದಲೇ ನೋಡಿಬಿಟ್ಟರೆ ‘ಮೆನಾಜರಿ’ಯ ಕುತೂಹಲ ಹೋಗುತ್ತದೆ.

ಇನ್ನು ಕಂತಿನ ಸಂಖ್ಯೆಯನ್ನು ಯಾವತ್ತೂ ನಂಬಬೇಡಿ. ಬ್ರಿಟನ್ನಿನ ಬಿಬಿಸಿ 1969ರ ಜುಲೈ 12ರಂದು ಇದನ್ನು ಆರಂಭಿಸಿತು. ಅಪೊಲೊ 11 ಚಂದ್ರನ ಕಡೆ ಹೊರಡಲು ಇನ್ನು ನಾಲ್ಕು ದಿನ ಇತ್ತು. ಅವರು ಮೊದಲು ತೋರಿಸಿದ್ದು ಆ ಎರಡನೇ ಮಾದರಿ ಕಂತನ್ನೇ. ಜರ್ಮನಿಯ ಝಡ್‌ಡಿಎಫ್ ವಾಹಿನಿ 1972ರಲ್ಲಿ ಶುರು ಮಾಡಿತು. ಒಟ್ಟು 79 ಕಂತುಗಳಲ್ಲಿ ಸುಮಾರು ಅರ್ಧವನ್ನಷ್ಟೇ ಆರಿಸಿಕೊಂಡಿತು. ಹೀಗೆ ಒಂದೊಂದು ದೇಶಕ್ಕೆ ಒಂದೊಂದು ಎಣಿಕೆ. ಬದಲಾಗದೆ ಉಳಿಯುವುದು ಎರಡೇ: ಕಂತಿನ ಮೂಲ ಹೆಸರು ಮತ್ತು ಅಮೆರಿಕದಲ್ಲಿ ಅದು ಮೊದಲು ಪ್ರಸಾರವಾದ ತಾರೀಕು.

ನನ್ನ ಹತ್ತಿರ ಕಾಫಿ ತೋಟದ ಹಳೇ ಲೆಕ್ಕದ ಪುಸ್ತಕ ಒಂದಿದೆ. ಅಪ್ಪ ಇಡೀ ಒಣಗಿಸಿದ ಹಣ್ಣಿಗೆ ‘ಚೆರಿ’, ಸಿಪ್ಪೆ ಸುಲಿದ ಕಾಫಿಗೆ ‘ಪಾರ್ಚ್‌ಮೆಂಟ್’ ಎಂದು ಬರೆದು ಗೆರೆ ಎಳೆದಿಟ್ಟು, ಖಾಲಿ ಬಿಟ್ಟ ಹಾಳೆಗಳು. ಚೆರಿ ಕಾಲಂನಲ್ಲಿ ಮೂಲ ತಾರೀಕು, ಪಾರ್ಚ್‌ಮೆಂಟ್ ಕಾಲಂನಲ್ಲಿ ನಾನು ನೋಡಿದ ತಾರೀಕು, ಮೂಟೆ ಲೆಕ್ಕದ ಜಾಗದಲ್ಲಿ ಎಷ್ಟು ನಿಮಿಷ ಇತ್ತು ಎಂಬುದು. ನೀವೂ ಒಂದು ನೋಟ್‌ಬುಕ್ ಇಡಿ ಸರ್, ಮೊಮ್ಮಗನ ಜೊತೆ ಮಾತು ಸುಲಭವಾಗುತ್ತದೆ.

ಅವನಿಗೊಂದು ಕೆಲಸ ಕೊಡಿ. ‘ಅಮಾಕ್ ಟೈಮ್’ ಕಂತಿನಲ್ಲಿ ಸ್ಪಾಕ್‌ಗೆ ಏನಾಯಿತು ಎಂದು ಹಳೇ ಜರ್ಮನ್ ಡಬ್ಬಿಂಗ್ ಕೇಳಿ ಹೇಳಲಿ. ಮೂಲದಲ್ಲಿ ಅದು ಅವನ ಕುಲದವರಿಗೆ ವರ್ಷಗಳಿಗೊಮ್ಮೆ ಬರುವ ಮದುವೆಯ ತುಡಿತ. ಜರ್ಮನಿಯವರು ಅದನ್ನು ಬಾಹ್ಯಾಕಾಶದ ಜ್ವರ ಮಾಡಿ, ಕಿರ್ಕ್ ಜೊತೆಗಿನ ಕಾಳಗವನ್ನು ಜ್ವರದ ಕನಸು ಎಂದುಬಿಟ್ಟರು. ಚಿತ್ರ ಅದೇ, ಕಥೆ ಬೇರೆ! ನಾಜಿಗಳ ಹಾಗೆ ಬದುಕುವ ಗ್ರಹದ ಕಥೆ ‘ಪ್ಯಾಟರ್ನ್ಸ್ ಆಫ್ ಫೋರ್ಸ್’ ಅಂತೂ 1990ರ ದಶಕದವರೆಗೆ ಆ ದೇಶದ ಟಿವಿಯಲ್ಲಿ ಬರಲೇ ಇಲ್ಲ.

ಪ್ರಶ್ನೆ: ಲಂಡನ್ನಿನಲ್ಲಿರುವ ಭಾವ ಟಿವಿಯಿಂದ ರೆಕಾರ್ಡ್ ಮಾಡಿದ ಹಳೇ ಕ್ಯಾಸೆಟ್ಟುಗಳನ್ನು ಕೊಟ್ಟಿದ್ದಾರೆ. ಒಂದೊಂದು ಕಂತು ಎರಡು ನಿಮಿಷ ಕಡಿಮೆ ಇದೆ. ಕತ್ತರಿ ಹಾಕಿದ್ದಾರಾ? — ವಿರಾಜಪೇಟೆ

ಎರಡೇ ನಿಮಿಷ ಕಡಿಮೆ ಇದ್ದರೆ ಬಹುಶಃ ಏನೂ ಕತ್ತರಿಸಿಲ್ಲ, ಓಡಿಸಿದ್ದಾರೆ. ಮೂಲ ಫಿಲ್ಮ್‌ನಲ್ಲಿ ಸೆಕೆಂಡಿಗೆ 24 ಚಿತ್ರ. ಆಗ ಬ್ರಿಟನ್ನಿನ ಟಿವಿಯದೂ ನಮ್ಮದೂ ಪ್ಯಾಲ್ ಎಂಬ ಪದ್ಧತಿ, ಅದರಲ್ಲಿ ಸೆಕೆಂಡಿಗೆ 25. ಅಲ್ಲಿ ಫಿಲ್ಮನ್ನು ಸ್ವಲ್ಪ ಜೋರಾಗಿ ಓಡಿಸಿ ಹೊಂದಿಸುತ್ತಿದ್ದರು. ಹೀಗೆ ಮಾಡಿದರೆ 50 ನಿಮಿಷದ ಕಂತು 48 ನಿಮಿಷಕ್ಕೆ ಮುಗಿಯುತ್ತದೆ. ಮಾತೂ ಸಂಗೀತವೂ ಕೂದಲೆಳೆಯಷ್ಟು ಏರುದನಿಯಲ್ಲಿ ಕೇಳುತ್ತವೆ. ನನ್ನ ಅಂಗಡಿಗೆ ಅಮೆರಿಕದಿಂದ ಬಂದ ಕ್ಯಾಸೆಟ್ಟುಗಳದು ಬೇರೆಯೇ ಕಥೆ. ಅವು ಅಲ್ಲಿಯ ಎನ್‌ಟಿಎಸ್‌ಸಿ ಪದ್ಧತಿಯವು. ಇಲ್ಲಿಯ ವಿಸಿಆರ್‌ಗೆ ಹಾಕಿದರೆ ಚಿತ್ರ ಮೇಲಿಂದ ಕೆಳಗೆ ಉರುಳುತ್ತಿತ್ತು. ಸ್ಪಾಕ್‌ನ ಗಲ್ಲ ಮೇಲೆ, ಹುಬ್ಬು ಕೆಳಗೆ. ಎರಡೂ ಪದ್ಧತಿ ಓಡಿಸುವ ಡೆಕ್ ಕೊಳ್ಳಲು ನಾನು ಒಂದು ವರ್ಷ ದುಡ್ಡು ಕೂಡಿಟ್ಟಿದ್ದೆ.

ಪರೀಕ್ಷೆ ಸುಲಭ. ಒಂದೇ ದೃಶ್ಯವನ್ನು ಎರಡು ಕಡೆಯೂ ಗಡಿಯಾರ ಹಿಡಿದು ಅಳೆಯಿರಿ. 100 ಸೆಕೆಂಡಿನದು 96 ಆಗಿದ್ದರೆ ಅದು ವೇಗ. ಉಳಿದ ಎಲ್ಲಾ ದೃಶ್ಯಗಳೂ ಅದೇ ಲೆಕ್ಕಕ್ಕೆ ಬರಬೇಕು.

ಐದಾರು ನಿಮಿಷ ಕಡಿಮೆ ಇದ್ದರೆ ಮಾತ್ರ ಖಂಡಿತ ಕತ್ತರಿಯೇ. 1960ರ ದಶಕದಲ್ಲಿ ಒಂದು ಗಂಟೆಯಲ್ಲಿ ಜಾಹೀರಾತು ಸುಮಾರು ಹತ್ತು ನಿಮಿಷ. ಆಮೇಲೆ ಅದು ಬೆಳೆಯುತ್ತಾ ಹೋಯಿತು. ಮರುಪ್ರಸಾರ ಮಾಡುವ ವಾಹಿನಿಗಳು ಕಥೆಯಿಂದಲೇ ಆ ಹೊತ್ತನ್ನು ಕದ್ದವು. ಹೋಗುವುದು ಹೊಡೆದಾಟ ಅಲ್ಲ. ಮೌನವಾಗಿ ನಡೆದು ಬರುವ ದೃಶ್ಯ, ಎರಡು ಸಾಲಿನ ತಮಾಷೆ, ಕೊನೆಯಲ್ಲಿ ಮೂವರೂ ನೌಕೆಯ ನಿಯಂತ್ರಣ ಕೋಣೆಯಲ್ಲಿ ನಿಂತು ಆಡುವ ಮಾತು. ನನಗೆ ಹೊಟ್ಟೆ ಉರಿಯುವುದು ಇದಕ್ಕೇ. ಆ ಕೊನೆಯ ಮಾತಿಗಾಗಿಯೇ ನಾನು ಈ ಧಾರಾವಾಹಿ ನೋಡುವುದು.

ಇನ್ನೊಂದು ಮಾತು. ಭಾವನ ಪೆಟ್ಟಿಗೆಯಲ್ಲಿ ‘ದಿ ಎಂಪಾತ್’, ‘ಹೂಮ್ ಗಾಡ್ಸ್ ಡೆಸ್ಟ್ರಾಯ್’, ‘ಪ್ಲೇಟೋಸ್ ಸ್ಟೆಪ್‌ಚಿಲ್ಡ್ರನ್’ ಇಲ್ಲದಿದ್ದರೆ ಅವರನ್ನು ಬೈಯಬೇಡಿ. ಹಿಂಸೆ, ಹುಚ್ಚು ಇವೆಲ್ಲ ಮಕ್ಕಳು ನೋಡುವ ಹೊತ್ತಿಗೆ ಬೇಡ ಎಂದು ಬಿಬಿಸಿ ಅವನ್ನು 1990ರ ದಶಕದವರೆಗೆ ತೋರಿಸಲಿಲ್ಲ. ‘ಮಿರಿ’ಯನ್ನು ಒಂದು ಸಲ ತೋರಿಸಿ ಎತ್ತಿಟ್ಟರು.

ಪ್ರಶ್ನೆ: ನಮ್ಮ ತಂದೆ ಹಿಂದೆ ನೈಜೀರಿಯಾದಲ್ಲಿ ಮೇಷ್ಟ್ರಾಗಿದ್ದರು. ಅಲ್ಲಿ ಟಿವಿಯಲ್ಲಿ ನೀಲಿ ಪೆಟ್ಟಿಗೆಯಲ್ಲಿ ಕಾಲಯಾನ ಮಾಡುವ ಡಾಕ್ಟರ್ ಕಥೆ ನೋಡಿದ್ದರಂತೆ. ಅದರ ಎಷ್ಟೋ ಕಂತು ಈಗ ಎಲ್ಲೂ ಇಲ್ಲ ಅನ್ನುತ್ತಾರೆ. ಹೌದಾ? — ಗೋಣಿಕೊಪ್ಪಲು

ಹೌದು ಅಕ್ಕ. ಅದು ‘ಡಾಕ್ಟರ್ ಹೂ’. ಬಿಬಿಸಿಯಲ್ಲಿ 1963ರ ನವೆಂಬರ್ 23ರಂದು ಶುರುವಾಯಿತು. ಆಗ ಟೇಪ್ ತುಂಬಾ ದುಬಾರಿ. ಪ್ರಸಾರ ಮುಗಿದ ಮೇಲೆ ಅಳಿಸಿ, ಅದರ ಮೇಲೇ ಬೇರೆ ಕಾರ್ಯಕ್ರಮ ತುಂಬುತ್ತಿದ್ದರು. ಹೊರದೇಶಗಳಿಗೆ ಮಾರಲು ಮಾತ್ರ 16 ಮಿಲಿಮೀಟರ್ ಫಿಲ್ಮ್ ಪ್ರತಿ ತೆಗೆಯುತ್ತಿದ್ದರು. ಆ ಡಬ್ಬಿಗಳು ಒಂದು ದೇಶದಲ್ಲಿ ಪ್ರಸಾರವಾಗಿ ಇನ್ನೊಂದಕ್ಕೆ ಹೋಗುತ್ತಿದ್ದವು. ಕೊನೆಗೆ ವಾಪಸು ಕಳಿಸಬೇಕು, ಇಲ್ಲವೇ ನಾಶ ಮಾಡಬೇಕು. ಬಿಬಿಸಿ ತನ್ನ ಹತ್ತಿರ ಇದ್ದ ಫಿಲ್ಮ್‌ಗಳನ್ನೂ 1970ರ ದಶಕದಲ್ಲಿ ಎಸೆಯಿತು. 1960ರ ದಶಕದ ತೊಂಬತ್ತಕ್ಕೂ ಹೆಚ್ಚು ಕಂತುಗಳು ಇವತ್ತಿಗೂ ಸಿಕ್ಕಿಲ್ಲ.

ಆದರೆ ಎಲ್ಲೋ ಯಾರೋ ಡಬ್ಬಿ ವಾಪಸು ಕಳಿಸುವುದನ್ನು ಮರೆತಿರುತ್ತಾರಲ್ಲ? ‘ದಿ ಟೂಂಬ್ ಆಫ್ ದಿ ಸೈಬರ್‌ಮೆನ್’ ಕಥೆಯ ನಾಲ್ಕೂ ಕಂತು ಹಾಂಗ್‌ಕಾಂಗ್‌ನಲ್ಲಿ ಸಿಕ್ಕವು. 2013ರ ಅಕ್ಟೋಬರ್‌ನಲ್ಲಿ ಇನ್ನೊಂದು ಸುದ್ದಿ ಬಂತು. ನೈಜೀರಿಯಾದ ಜೋಸ್ ಪಟ್ಟಣದ ಟಿವಿ ಕೇಂದ್ರದಲ್ಲಿ, ಕಳೆದೇಹೋಗಿದ್ದ ಒಂಬತ್ತು ಕಂತುಗಳು ಸಿಕ್ಕಿದ್ದವು. ‘ದಿ ಎನಿಮಿ ಆಫ್ ದಿ ವರ್ಲ್ಡ್’ ಪೂರ್ತಿಯಾಯಿತು. ‘ದಿ ವೆಬ್ ಆಫ್ ಫಿಯರ್’ನಲ್ಲಿ ಮೂರನೇ ಕಂತು ಒಂದು ಮಾತ್ರ ಬಾಕಿ. ಆ ಸುದ್ದಿ ಓದಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಮಾಡಿದವರೇ ಕಳೆದುಕೊಂಡಿದ್ದನ್ನು, ದಶಕಗಳ ಹಿಂದೆ ಮರುಪ್ರಸಾರ ಮಾಡಿದ ಒಂದು ಊರು ಉಳಿಸಿಕೊಟ್ಟಿತು.

ನಿಮ್ಮ ತಂದೆ ಯಾವ ಊರಿನಲ್ಲಿದ್ದರು, ಯಾವ ವರ್ಷ, ಡಾಕ್ಟರ್ ಪಾತ್ರದವರು ನೋಡಲು ಹೇಗಿದ್ದರು? ಬಿಳಿಕೂದಲಿನ ಅಜ್ಜನೋ, ಕಪ್ಪು ಕೂದಲಿನ ಕುಳ್ಳನೋ? ಅಜ್ಜನಾದರೆ ವಿಲಿಯಂ ಹಾರ್ಟ್ನೆಲ್, ಕುಳ್ಳನಾದರೆ ಪ್ಯಾಟ್ರಿಕ್ ಟ್ರೌಟನ್. ಜೋಸ್‌ನಲ್ಲಿ ಸಿಕ್ಕಿದ್ದು ಟ್ರೌಟನ್ ಕಥೆಗಳು. ಅವನ್ನು ತಂದೆಗೆ ತೋರಿಸಿ, ಪಕ್ಕದಲ್ಲಿ ಕೂತು ಅವರು ಹೇಳುವುದನ್ನೆಲ್ಲಾ ಬರೆದುಕೊಳ್ಳಿ.

ಪ್ರಶ್ನೆ: ಜೋರು ಮಳೆ ಬಂದರೆ ಸರಿಯಾಗಿ ಕಥೆ ಬಿಗಿಯಾಗುವ ಹೊತ್ತಿಗೇ ಡಿಶ್ ಸಿಗ್ನಲ್ ಹೋಗುತ್ತದೆ. ಏನು ಮಾಡಲಿ? — ಮಡಿಕೇರಿ, ಕಾಲೇಜು ವಿದ್ಯಾರ್ಥಿನಿ

ನಮ್ಮ ಮನೆಗಳ ಸಣ್ಣ ಡಿಶ್‌ಗೆ ಬರುವುದು ಕೆಯು ಬ್ಯಾಂಡ್ ಅಲೆಗಳು. ಅವುಗಳ ಉದ್ದ ಎರಡೂವರೆ ಸೆಂಟಿಮೀಟರ್ ಆಸುಪಾಸು. ದಪ್ಪ ಹನಿಯ ಮಳೆ ಅವನ್ನು ಹೀರಿಬಿಡುತ್ತದೆ. ಹಿಂದೆ ಅಂಗಳದಲ್ಲಿ ಇಡುತ್ತಿದ್ದ ದೊಡ್ಡ ಡಿಶ್‌ಗಳ ಸಿ ಬ್ಯಾಂಡ್ ಅಲೆ ಇದರ ಮೂರರಷ್ಟು ಉದ್ದ, ಮಳೆಗೆ ಅಷ್ಟು ಬಗ್ಗುವುದಿಲ್ಲ. ಧೋ ಎಂದು ಸುರಿಯುವ ಹತ್ತು ನಿಮಿಷಕ್ಕೆ ಯಾರೂ ಏನೂ ಮಾಡಲಾಗದು. ಆದರೆ ಸೋನೆ ಮಳೆಗೂ ಸಿಗ್ನಲ್ ಹೋದರೆ ತಪ್ಪು ನಿಮ್ಮ ಡಿಶ್‌ನಲ್ಲೇ ಇದೆ.

ಮೊದಲು ಡಿಶ್‌ನ ಮುಂದೆ ಕೋಲಿನ ತುದಿಯಲ್ಲಿರುವ ಎಲ್‌ಎನ್‌ಬಿಗೆ, ಅಂದರೆ ಸಿಗ್ನಲ್ ಹಿಡಿಯುವ ಭಾಗಕ್ಕೆ, ಕೇಬಲ್ ಸೇರುವ ಕನೆಕ್ಟರ್ ಬಿಚ್ಚಿಸಿ ನೋಡಿ. ಒಮ್ಮೆ ಜುಲೈಯಲ್ಲಿ ನಾನೇ ನಮ್ಮ ಮನೆಯದನ್ನು ಬಿಚ್ಚಿದೆ. ನೀರು ಇಳಿದು ತಾಮ್ರದ ತಂತಿ ಹಸಿರಾಗಿತ್ತು, ಮುಟ್ಟಿದರೆ ಪುಡಿ. ಆ ಮೊಳ ಉದ್ದ ಕತ್ತರಿಸಿ, ಹೊಸ ಕನೆಕ್ಟರ್ ಹಾಕಿ, ರಬ್ಬರ್ ಟೇಪ್ ಸುತ್ತಿದೆ. ಕೇಬಲ್ ಕೆಳಕ್ಕೆ ಜೋತು ಬಿದ್ದು ಆಮೇಲೆ ಮೇಲೇರುವ ಹಾಗೆ ಒಂದು ಸುತ್ತು ಬಿಡಿ. ನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಆಮೇಲೆ ಮರ. ನಿಮ್ಮದು ಡಿಡಿ ಫ್ರೀ ಡಿಶ್ ಆದರೆ ಉಪಗ್ರಹ 93.5 ಡಿಗ್ರಿ ಪೂರ್ವದಲ್ಲಿದೆ. ಮಡಿಕೇರಿಯಿಂದ ನೋಡಿದರೆ ಆಗ್ನೇಯ ದಿಕ್ಕು, ನೆಲದಿಂದ ಸುಮಾರು 65 ಡಿಗ್ರಿ ಎತ್ತರ. ಆ ದಿಕ್ಕಿನಲ್ಲಿ ಮನೆಗೆ ತಾಗಿದ ಹಾಗೆ ಬೆಳೆದ ಸಿಲ್ವರ್ ಓಕ್ ಇದ್ದರೆ, ಒದ್ದೆ ಎಲೆಯೇ ಸಾಕು ಸಿಗ್ನಲ್ ಕೆಡಿಸಲು. ಮಳೆ ನಿಂತ ದಿನ ಅಡ್ಡ ಬಂದ ಕೊಂಬೆ ಕಡಿಸಿ. ನೀವು ಮಾತ್ರ ಒದ್ದೆ ಹೆಂಚಿನ ಮೇಲೆ ಹತ್ತಲೇಬೇಡಿ ಮಗಳೇ, ಗೊತ್ತಿದ್ದವರನ್ನೇ ಕರೆಸಿ.

ಪ್ರಶ್ನೆ: ಟೊರಾಂಟೊದಲ್ಲಿರುವ ಮಗಳ ಮನೆಯಲ್ಲಿ ಶನಿವಾರ ರಾತ್ರಿ 8ಕ್ಕೆ ಹಳೇ ‘ಸ್ಟಾರ್ ಟ್ರೆಕ್’ ಬರುತ್ತದೆ. ನನ್ನ ಹತ್ತಿರ ಡಿಸ್ಕ್ ಇದೆ. ಒಟ್ಟಿಗೆ ನೋಡಬೇಕು ಅಂತ ಆಸೆ. ನಾನು ಎಷ್ಟು ಗಂಟೆಗೆ ಏಳಲಿ? — ಕುಶಾಲನಗರ

ಈಗ ಅಲ್ಲಿ ಬೇಸಿಗೆಯ ಗಡಿಯಾರ. ನಮಗೂ ಅವರಿಗೂ ಒಂಬತ್ತೂವರೆ ಗಂಟೆ ಅಂತರ. ಅಂದರೆ ನಿಮಗೆ ಭಾನುವಾರ ಬೆಳಿಗ್ಗೆ 5:30. ನೀವು ಡಿಸ್ಕ್ ಹಾಕಿ, ಕಂತಿನ ಹೆಸರು ಪರದೆಗೆ ಬಂದ ಕೂಡಲೇ ನಿಲ್ಲಿಸಿ. ಮಗಳು ಫೋನಿನಲ್ಲಿ ‘ಹೆಸರು ಬಂತು ಅಮ್ಮಾ’ ಎಂದಾಗ ಬಿಡಿ. ಅಲ್ಲಿ ಜಾಹೀರಾತು ಬಂದಾಗಲೆಲ್ಲ ನಿಲ್ಲಿಸಿ, ಅಷ್ಟರಲ್ಲಿ ಕಾಫಿ ಕಾಯಿಸಿಕೊಳ್ಳಬಹುದು. ಅವರ ಕಡೆ ಏನಾದರೂ ದೃಶ್ಯ ಕತ್ತರಿಸಿದ್ದರೆ ನೀವು ಹಿಂದೆ ಬೀಳುತ್ತೀರಿ. ಆಗ ಓಡಿಸಿ ಹಿಡಿಯಿರಿ, ಏನು ಹೋಯಿತು ಅಂತ ಮಗಳಿಗೂ ಹೇಳಿ.

ನವೆಂಬರ್ ಮೊದಲ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಆಮೇಲೆ ನಿಮಗೆ 6:30. ಪುತ್ತರಿ ಹಬ್ಬದ ಹೊತ್ತಿಗೆ ಒಂದು ಗಂಟೆ ಜಾಸ್ತಿ ಮಲಗಬಹುದು.